ಚೀಟಿ ಬಿದ್ದವನೇ ಬೋಧಕ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಹಳೆಯ ಪದ್ಧತಿಯ ಮೆನ್ನೊನೈಟರೂ ಅವರ ಸೋದರ ಪಂಥವಾದ ಅಮಿಶರೂ ತಮ್ಮ ಸಭೆಗೆ ಬೋಧಕನನ್ನು ಹುಡುಕಿಕೊಳ್ಳುವುದು ಚೀಟಿ ಎತ್ತಿ. ಮೊದಲು ಸಭೆಯ ಸದಸ್ಯರು, ಗಂಡಸರು ಹೆಂಗಸರೆನ್ನದೆ, ಒಬ್ಬೊಬ್ಬರಾಗಿ ಎದ್ದು ಹೋಗಿ ಹಿರಿಯರ ಕಿವಿಯಲ್ಲಿ ಒಂದು ಹೆಸರು ಹೇಳಿ ಬರುತ್ತಾರೆ. ಅಮಿಶರಲ್ಲಿ ಸಾಮಾನ್ಯವಾಗಿ ಎರಡು ಮೂರು ಬಾಯಲ್ಲಾದರೂ ಬಂದ ಹೆಸರುಗಳಷ್ಟೇ ಉಳಿಯುತ್ತವೆ. ಹಾಗೆ ಉಳಿದವರು ಆರು ಜನ ಎಂದಿಟ್ಟುಕೊಳ್ಳಿ. ಮೇಜಿನ ಮೇಲೆ ಒಂದೇ ಅಳತೆಯ, ಒಂದೇ ಬಣ್ಣದ ಆರು ಹಾಡಿನ ಪುಸ್ತಕಗಳು ಬರುತ್ತವೆ. ಅವುಗಳಲ್ಲೊಂದರ ಹಾಳೆಗಳ ನಡುವೆ ಸತ್ಯವೇದದ ವಚನ ಬರೆದ ಪುಟ್ಟ ಚೀಟಿ. ಚೀಟಿಯಿರುವ ಪುಸ್ತಕ ಕೊಂಚ ಬಾಯಿಬಿಟ್ಟು ಗುಟ್ಟು ರಟ್ಟಾಗಬಾರದೆಂದು ಎಲ್ಲ ಪುಸ್ತಕಕ್ಕೂ ರಬ್ಬರ್ ಬ್ಯಾಂಡೋ ದಾರವೋ ಸುತ್ತಿರುತ್ತದೆ. ಆರೂ ಮಂದಿ ಎದ್ದು ಬಂದು ಒಂದೊಂದು ಪುಸ್ತಕ ತೆಗೆದುಕೊಂಡು ಕೂರುತ್ತಾರೆ. ಬಿಷಪ್ಪರು ಸಾಲಿನಲ್ಲಿ ಬಂದು ಒಂದೊಂದನ್ನೇ ಬಿಚ್ಚಿ ನೋಡುತ್ತಾರೆ. ಚೀಟಿ ಸಿಕ್ಕವನಿಗೆ ಅಲ್ಲೇ, ಆಗಲೇ ದೀಕ್ಷೆ. ಬೆಳಗ್ಗೆ ಹಾಲು ಕರೆದು ಬಂದ ರೈತ ಮನೆಗೆ ಮರಳುವಾಗ ಬೋಧಕ, ಅದೂ ಸಾಯುವ ತನಕ. ಸಂಬಳವಿಲ್ಲ, ತರಬೇತಿಯಿಲ್ಲ. ಸ್ವಲ್ಪ ಸಮಯದಲ್ಲೇ ಟಿಪ್ಪಣಿಯೊಂದೂ ಇಲ್ಲದೆ ಜನರೆದುರು ನಿಂತು ಪ್ರಸಂಗ ಮಾಡಬೇಕು. ಹೊಲ, ಹಟ್ಟಿ, ಸಾಲ ಎಲ್ಲ ಮೊದಲಿನಂತೆಯೇ ಇರುತ್ತವೆ. ಅವುಗಳ ಮೇಲೆ ಮದುವೆ, ಮಣ್ಣು, ಜಗಳ ಬಿಡಿಸುವ ಪಂಚಾಯ್ತಿ ಬಂದು ಕೂರುತ್ತವೆ. ಅಲ್ಲಿ ಯಾರೂ ಕೈಕುಲುಕಿ ಶುಭಾಶಯ ಹೇಳುವುದಿಲ್ಲ. ಚೀಟಿ ಬಿದ್ದವನೂ ಅವನ ಹೆಂಡತಿಯೂ ಅಳುತ್ತಾರೆ, ಸುತ್ತ ಕೂತವರೂ ಅಳುತ್ತಾರೆ. ಒಲ್ಲೆ ಎನ್ನುವಂತಿಲ್ಲ. ಚೀಟಿ ಬಿದ್ದರೆ ಹೊರೆ ಹೊರುತ್ತೇನೆಂದು ಅಮಿಶ್ ಹುಡುಗರು ದೀಕ್ಷಾಸ್ನಾನದ ಹೊತ್ತಿನಲ್ಲೇ ಮಾತು ಕೊಟ್ಟಿರುತ್ತಾರೆ.

ಹೊರಗಿನವರಿಗೆ ಇದು ಲಾಟರಿಯಂತೆಯೋ ಮೌಢ್ಯದಂತೆಯೋ ಕಾಣುವುದು ಸಹಜ. ಆದರೆ ಯೋಗ್ಯತೆ ತೂಗುವ ಕೆಲಸ ಪುಸ್ತಕಗಳು ಮೇಜಿಗೆ ಬರುವ ಮೊದಲೇ ಮುಗಿದಿರುತ್ತದೆ. ಕಿವಿಯಲ್ಲಿ ಹೆಸರು ಹೇಳುವವರು ವರ್ಷಗಟ್ಟಲೆ ಪಕ್ಕದ ಹೊಲದಲ್ಲಿ ದುಡಿದವರು. ಯಾರು ಕೊಟ್ಟ ಮಾತಿಗೆ ನಿಲ್ಲುತ್ತಾರೆ, ಯಾರು ಸಿಟ್ಟು ನುಂಗುತ್ತಾರೆ ಎಂಬುದು ಅವರಿಗೆ ಗೊತ್ತು. ಚೀಟಿಯ ಕೆಲಸವೇ ಬೇರೆ. ಅದು ಆಸೆಯನ್ನೂ ಹಂಗನ್ನೂ ಒಂದೇ ಏಟಿಗೆ ಕತ್ತರಿಸುತ್ತದೆ. ಪ್ರಚಾರ ಮಾಡಿ ಗೆದ್ದವನಿಲ್ಲ, ಸೋತು ಮುನಿಸಿಕೊಂಡ ಬಣವಿಲ್ಲ, ಓಟು ಹಾಕಿದ ಮನೆತನದ ಋಣ ತೀರಿಸುವ ಗೋಜಿಲ್ಲ. ಯೇಸುವಿಗೆ ದ್ರೋಹ ಬಗೆದ ಯೂದನಿಂದ ತೆರವಾದ ಜಾಗಕ್ಕೆ ಇಬ್ಬರಲ್ಲಿ ಒಬ್ಬನಾದ ಮತ್ತೀಯನನ್ನು ಶಿಷ್ಯರು ಚೀಟು ಹಾಕಿ ಆರಿಸಿದ ಸಂಗತಿ ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದಲ್ಲಿದೆ. ಇವರು ತೋರಿಸುವ ಆಧಾರ ಅದೇ. ಆಧಾರ ಏನೇ ಇರಲಿ, ಸಂಬಳದ ಸಭಾಪಾಲಕನಿಲ್ಲದ ಸಭೆಯನ್ನು ‘ಪಾಪ, ಗತಿಯಿಲ್ಲ’ ಎಂದು ನೋಡುವುದು ಈ ಪರಂಪರೆಯನ್ನು ತಲೆಕೆಳಗಾಗಿ ಓದಿದಂತೆ. ಗ್ರಂಥದ ಅರ್ಥ ತೀರ್ಮಾನಿಸುವ ಹಕ್ಕು ಕಲಿತವನೊಬ್ಬನಿಗೆ ಸೇರಿದ್ದಲ್ಲ, ಒಟ್ಟಿಗೆ ಕೂತು ಓದುವ ಸಭೆಗೆ ಸೇರಿದ್ದು ಎಂಬ ನಂಬಿಕೆಯಿಂದ ಹುಟ್ಟಿದ ವ್ಯವಸ್ಥೆ ಇದು. ಬಡತನ ಇದ್ದಲ್ಲೂ ಇದೆ, ಇಲ್ಲದಲ್ಲೂ ಇದೆ.

ಈ ನಂಬಿಕೆ ಶುರುವಾದದ್ದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. 1525ರ ಜನವರಿ 21ರ ರಾತ್ರಿ ಮನೆಯೊಂದರಲ್ಲಿ ಸೇರಿದ ಕೆಲವರ ನಡುವೆ ಕಾನ್ರಾಡ್ ಗ್ರೆಬೆಲ್ ಎಂಬ ಯುವಕ ಜಾರ್ಜ್ ಬ್ಲೌರಾಕ್‌ಗೆ ದೀಕ್ಷಾಸ್ನಾನ ಕೊಟ್ಟ. ಬ್ಲೌರಾಕ್ ಪಾದ್ರಿಯಾಗಿದ್ದವನು, ಗ್ರೆಬೆಲ್ ಆಗಿರಲಿಲ್ಲ. ಅಂದರೆ ದೀಕ್ಷೆಯೇ ಇಲ್ಲದ ಸಾಮಾನ್ಯನೊಬ್ಬ ಪಾದ್ರಿಗೆ ಸಂಸ್ಕಾರ ಕೊಟ್ಟ. ಕೂಸಿಗೆ ಕೊಟ್ಟ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ, ಬುದ್ಧಿ ಬಂದ ಮೇಲೆ ತಾನಾಗಿ ಒಪ್ಪಿದ್ದೇ ನಿಜವಾದದ್ದು ಎಂಬುದು ಅವರ ವಾದ. ಊರಿನ ಆಡಳಿತಕ್ಕೆ ಇದು ರಾಜದ್ರೋಹದಂತೆ ಕಂಡಿತು. ಅದೇ ಗುಂಪಿನ ಫೆಲಿಕ್ಸ್ ಮಾಂಟ್ಸ್‌ನನ್ನು 1527ರ ಜನವರಿಯಲ್ಲಿ ಲಿಮ್ಮತ್ ನದಿಯಲ್ಲಿ ಮುಳುಗಿಸಿ ಕೊಂದರು. ಮರುತಿಂಗಳು ಶ್ಲೈಟ್‌ಹೈಮ್‌ನಲ್ಲಿ ಸೇರಿದವರು ಬರೆದುಕೊಂಡ ಏಳು ಅಂಶಗಳಲ್ಲಿ ಒಂದು ಪಾಲಕನನ್ನು ಕುರಿತದ್ದು: ಅವನನ್ನು ಗಡೀಪಾರು ಮಾಡಿದರೆ ಇಲ್ಲವೇ ಕೊಂದರೆ, ಅದೇ ಗಳಿಗೆಯಲ್ಲಿ ಇನ್ನೊಬ್ಬನನ್ನು ಆರಿಸಿಕೊಳ್ಳಬೇಕು. ಸಭೆಯಲ್ಲಿ ಯಾರು ಬೇಕಾದರೂ ಆ ಜಾಗದಲ್ಲಿ ನಿಲ್ಲಬಲ್ಲವರಾಗಿರಬೇಕೆಂಬುದು ಹೀಗೆ ಸಾವಿನ ಲೆಕ್ಕಾಚಾರದಿಂದಲೂ ಬಂದದ್ದು. 1536ರಲ್ಲಿ ಪಾದ್ರಿಗಿರಿ ಬಿಟ್ಟು ಇವರನ್ನು ಸೇರಿದ ಫ್ರೀಸ್‌ಲೆಂಡಿನ ಮೆನ್ನೊ ಸೈಮನ್ಸ್‌ನ ಹೆಸರು ಪಂಥಕ್ಕೆ ಅಂಟಿಕೊಂಡಿತು. ಅಮೆರಿಕದಲ್ಲಿ ಇವರ ಮೊದಲ ಬೋಧಕನಾಗಿ 1698ರಲ್ಲಿ ಆಯ್ಕೆಯಾದ ವಿಲಿಯಂ ರಿಟನ್‌ಹೌಸ್, ಆ ನಾಡಿನ ಮೊತ್ತಮೊದಲ ಕಾಗದದ ಗಿರಣಿ ಹಾಕಿದವನು. ಬೋಧನೆ ಅವನ ಕಸುಬಾಗಿರಲಿಲ್ಲ, ಕಾಗದವೇ ಕಸುಬು.

ಇಂದು ಅಮೆರಿಕದ ಮೆನ್ನೊನೈಟರಲ್ಲಿ ಹೆಚ್ಚಿನವರು ಕುದುರೆಗಾಡಿಯವರಲ್ಲ. ನರ್ಸ್, ಮೇಷ್ಟ್ರು, ಬಡಗಿ, ಎಂಜಿನಿಯರ್ ಆಗಿರುವವರು. ಅವರ ಕೆಲವು ಸಣ್ಣ ಸಭೆಗಳಲ್ಲಿ ಚೀಟಿ ಇಲ್ಲ, ಸರದಿ ಇದೆ. ಮೂವತ್ತು ನಲವತ್ತು ಜನರ ಅಂಥ ಸಭೆ ಬಾಡಿಗೆಯ ಹಾಲಿನಲ್ಲೋ ಹಳೆಯ ಪ್ರಾರ್ಥನಾ ಮನೆಯಲ್ಲೋ ಸೇರುತ್ತದೆ. ಈ ವಾರ ಆರಾಧನೆ ನಡೆಸುವುದು ಯಾರು, ಹಾಡು ಎತ್ತುವುದು ಯಾರು, ಮಕ್ಕಳಿಗೆ ಕಥೆ ಯಾರದು, ಪ್ರಸಂಗ ಯಾರದು ಎಂಬ ಪಟ್ಟಿ ತಿಂಗಳ ಮೊದಲೇ ಸಿದ್ಧ. ಆದರೆ ಈ ಆರಾಧನೆಯ ಜೀವ ಪಟ್ಟಿಯಲ್ಲಿಲ್ಲ, ಹಾಡಿನಲ್ಲಿದೆ. ಎಷ್ಟೋ ಸಭೆಗಳಲ್ಲಿ ಆರ್ಗನ್ ಇಲ್ಲ, ಪಿಯಾನೊ ಇದ್ದರೂ ಮುಚ್ಚಿರುವುದೇ ಹೆಚ್ಚು. ಹಾಡು ಎತ್ತುವವರು ಪುಟ್ಟ ಪಿಚ್ ಪೈಪ್ ಊದಿ, ನಾಲ್ಕೂ ದನಿಗಳಿಗೆ ಅವುಗಳ ಎತ್ತುಗಡೆಯ ಸ್ವರವನ್ನು ಮೆಲ್ಲಗೆ ಗುನುಗಿ ತೋರಿಸಿ ಕೈ ಎತ್ತುತ್ತಾರೆ. ಮುಂದಿನದು ಸಭೆಯದು. ಹೆಂಗಸರದು ಎರಡು ದನಿ, ಗಂಡಸರದು ಎರಡು. ಚಿಕ್ಕಂದಿನಿಂದ ಅಪ್ಪನ ಪಕ್ಕ ಕೂತ ಹುಡುಗ ದನಿ ಒಡೆದ ವರ್ಷವೇ ಕೆಳಗಿನ ಸಾಲಿಗೆ ಇಳಿದು ಅಪ್ಪನ ಜೊತೆ ಸೇರಿಕೊಳ್ಳುತ್ತಾನೆ. ಬೇರೆ ಕಡೆ ಗಾಯಕವೃಂದ ಹಾಡಿದರೆ ಜನ ಕೇಳುತ್ತಾರೆ. ಇಲ್ಲಿ ಕೇಳಲೆಂದು ಕೂತವರೇ ಇಲ್ಲ, ಹಾಗಾಗಿ ಬಾರದಿದ್ದವರ ಕೊರತೆ ಕಿವಿಗೇ ಗೊತ್ತಾಗುತ್ತದೆ. 1969ರ ಹಾಡಿನ ಪುಸ್ತಕದಲ್ಲಿ 606ನೆಯದಾಗಿದ್ದ ಸ್ತುತಿಗೀತೆಯೊಂದು, ದನಿಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವಂಥದ್ದು, ಎಷ್ಟು ನಾಲಿಗೆಗೆ ಹತ್ತಿತೆಂದರೆ ಅದರ ಹೆಸರೇ ‘606’ ಆಯಿತು. 1992ರ ಪುಸ್ತಕದಲ್ಲಿ ಅದು 118ಕ್ಕೆ ಹೋಯಿತು, 2020ರದರಲ್ಲಿ 70ಕ್ಕೆ. ಹಳಬರು ಮಾತ್ರ ಇನ್ನೂ 606 ಎಂದೇ ಕೂಗಿ ಕೇಳುತ್ತಾರೆ, ಪುಸ್ತಕ ತೆರೆಯದೆಯೇ ಹಾಡುತ್ತಾರೆ.

ಹಾಡಿಗೆ ಇಷ್ಟು ಜಾಗ ಕೊಡಲು ಕಾರಣವಿದೆ. ನಾಲ್ಕು ದನಿಯ ಹಾಡು ಹೇಗೋ ಪ್ರಸಂಗವೂ ಇಲ್ಲಿ ಹಾಗೆಯೇ ನಡೆಯುತ್ತದೆ. ಸರದಿಯವರು ಇಪ್ಪತ್ತು ನಿಮಿಷ ಮಾತಾಡಿ ಕೂತ ಮೇಲೆ ಒಂದಿಷ್ಟು ಮೌನ, ಆಮೇಲೆ ಸಭೆಯ ಮಾತು. ಒಬ್ಬರು ಒಪ್ಪುತ್ತಾರೆ, ಇನ್ನೊಬ್ಬರು ಆ ವಚನದ ಮುಂದಿನ ಸಾಲನ್ನೂ ಓದಬೇಕಿತ್ತು ಎನ್ನುತ್ತಾರೆ. ಇಬ್ಬರು ಮೂವರು ಮಾತಾಡಲಿ, ಉಳಿದವರು ತೂಗಿ ನೋಡಲಿ ಎಂಬ ಅಪೊಸ್ತಲ ಪೌಲನ ಸೂಚನೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿದೆ. ಅದನ್ನು ಇವರು ಅಕ್ಷರಶಃ ತೆಗೆದುಕೊಂಡವರು. ಅಮಿಶರಲ್ಲಿ ಇದರ ಹಳೆಯ ರೂಪ ಉಳಿದಿದೆ: ಮುಖ್ಯ ಪ್ರಸಂಗ ಮುಗಿಸಿದವನು ತಪ್ಪಿದ್ದರೆ ತಿದ್ದಿ ಎಂದು ಕೇಳಿ ಕೂರುತ್ತಾನೆ, ಉಳಿದ ಬೋಧಕರೂ ಹಿರಿಯರೂ ಒಬ್ಬೊಬ್ಬರಾಗಿ ಸಾಕ್ಷಿ ಹೇಳುತ್ತಾರೆ. ಕಾಯಿಲೆ, ಕೆಲಸ ಹೋದದ್ದು, ಮೊಮ್ಮಗು ಹುಟ್ಟಿದ್ದು ಎಲ್ಲ ಪ್ರಾರ್ಥನೆಗೆ ಮೊದಲು ಬಾಯಿಬಿಟ್ಟು ಹೇಳುವ ಪದ್ಧತಿಯಿದೆ. ಕರ್ತನ ಭೋಜನದ ಜೊತೆ ಒಬ್ಬರ ಕಾಲನ್ನು ಇನ್ನೊಬ್ಬರು ತೊಳೆಯುವ ವಿಧಿ 1632ರಲ್ಲಿ ಡಚ್ ಊರಾದ ಡೋರ್ಡ್ರೆಕ್ಟ್‌ನಲ್ಲಿ ಒಪ್ಪಿಕೊಂಡ ನಂಬಿಕೆಯ ನಿರೂಪಣೆಯಿಂದಲೂ ಬರವಣಿಗೆಯಲ್ಲಿದೆ. ಕೊನೆಗೆ ಮನೆಮನೆಯಿಂದ ತಂದ ಅಡುಗೆ ಹಂಚಿಕೊಂಡು ಊಟ.

ಆಕ್ಷೇಪಗಳು ಸಣ್ಣವಲ್ಲ. ಹೀಬ್ರೂ, ಗ್ರೀಕ್ ಬಾರದವನು ಗ್ರಂಥ ವಿವರಿಸಿದರೆ ತನ್ನ ಪೂರ್ವಗ್ರಹವನ್ನೇ ವಿವರಿಸಿದಂತಾಗದೆ ಎಂಬುದು ಮೊದಲನೆಯದು. ಆಗುವುದುಂಟು. ಡಚ್ ಮೆನ್ನೊನೈಟರು ಇದನ್ನು ಬಹಳ ಬೇಗ ಮನಗಂಡು 1735ರಲ್ಲೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬೋಧಕರ ಶಾಲೆ ತೆರೆದರು. ಅದರ ಫಲವನ್ನು ಅಲ್ಲಗಳೆಯುವಂತಿಲ್ಲ: 1911ರಲ್ಲಿ ಆನಿ ಝೆರ್ನಿಕೆ ಡಚ್ ಮೆನ್ನೊನೈಟ್ ಸಭೆಯೊಂದರ ಪಾಲಕಿಯಾದರು, ಆ ದೇಶದಲ್ಲೇ ಮೊದಲ ಪಾಲಕಿ. ಅತ್ತ ಲ್ಯಾಂಕಾಸ್ಟರ್‌ನ ಹೆಂಗಸರು ಇಂದಿಗೂ ಕಿವಿಯಲ್ಲಿ ಹೆಸರು ಹೇಳಬಹುದೇ ಹೊರತು ಅವರ ಹೆಸರನ್ನು ಯಾರೂ ಹೇಳುವಂತಿಲ್ಲ. ಎಲ್ಲರಿಗೂ ಸೇರಿದ್ದೆಂಬ ಪೀಠ ಅರ್ಧ ಸಭೆಗೆ ಸೇರಿರಲಿಲ್ಲ ಎಂಬ ಮಾತಿಗೆ ಆ ಪರಂಪರೆಯಲ್ಲಿ ಉತ್ತರವಿಲ್ಲ. ಆದರೆ ಓದಿನ ವಿಷಯದಲ್ಲಿ ಒಂದು ಮಾತು ಹೇಳಬಹುದು. ಸರದಿಯ ಸಭೆ ಓದನ್ನು ಬೇಡ ಎನ್ನುವುದಿಲ್ಲ. ಗ್ರೀಕ್ ಬಲ್ಲವನಿಗೂ ಪ್ರಸಂಗದ ನಂತರದ ಹತ್ತು ನಿಮಿಷದಲ್ಲಿ ಬಡಗಿಗೆ ಇರುವಷ್ಟೇ ಅಧಿಕಾರ ಎನ್ನುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಮೇಲೆ ಕೇಳುವವರಿಲ್ಲದ ಸಣ್ಣ ಗುಂಪಿನಲ್ಲಿ ಬಲ್ಲಿದರ ದಬ್ಬಾಳಿಕೆ ಮುಚ್ಚಿಹೋಗುತ್ತದೆ. ಬೊಲಿವಿಯಾದ ಮ್ಯಾನಿಟೋಬಾ ಎಂಬ ಮೆನ್ನೊನೈಟ್ ಕಾಲೊನಿಯಲ್ಲಿ 2005ರಿಂದ 2009ರ ತನಕ ಹೆಂಗಸರಿಗೆ, ಮಕ್ಕಳಿಗೆ ರಾತ್ರಿ ಹೊತ್ತು ಕೆಲವು ಗಂಡಸರು ಮತ್ತಿನ ಔಷಧ ಸಿಂಪಡಿಸಿ ಅತ್ಯಾಚಾರ ಮಾಡಿದರು. ದೆವ್ವದ ಕಾಟ, ಹೆಂಗಸರ ಭ್ರಮೆ ಎಂದೆಲ್ಲ ಮಾತುಗಳು ಹಬ್ಬಿದವು. 2011ರಲ್ಲಿ ಶಿಕ್ಷೆಯಾದದ್ದು ದೇಶದ ನ್ಯಾಯಾಲಯದಿಂದ. ಇದನ್ನು ಕಂಡು ಪದವಿ ಪಡೆದ ಪಾಲಕರಿದ್ದರೆ ಹೀಗಾಗುತ್ತಿರಲಿಲ್ಲ ಎನ್ನೋಣವೆಂದರೆ ಜಾನ್ ಹೋವರ್ಡ್ ಯೋಡರ್ ಅಡ್ಡ ಬರುತ್ತಾರೆ. 20ನೇ ಶತಮಾನದ ಅತ್ಯಂತ ಪ್ರಸಿದ್ಧ ಮೆನ್ನೊನೈಟ್ ಪಂಡಿತ, ಸಭೆಯ ಎಲ್ಲರಿಗೂ ಮಾತಿನ ಹಕ್ಕಿದೆ ಎಂದು ಪುಸ್ತಕ ಬರೆದವರು. ಅವರು ದಶಕಗಳ ಕಾಲ ಅನೇಕ ಮಹಿಳೆಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದನ್ನು ಅವರು ಕಲಿಸುತ್ತಿದ್ದ ಧರ್ಮಶಾಸ್ತ್ರ ಶಾಲೆ 2015ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. ಪದವಿಯೂ ಕಾಪಾಡಲಿಲ್ಲ, ಪದವಿಯಿಲ್ಲದ ಸರಳತೆಯೂ ಕಾಪಾಡಲಿಲ್ಲ. ಎರಡೂ ಕಡೆ ಮಾತಾಡಬೇಕಾದವರ ಮಾತನ್ನು ಯಾರೂ ತೂಗಿ ನೋಡಲಿಲ್ಲ. ಅಂದರೆ ಪೌಲನ ಸೂಚನೆಯನ್ನು ಹಿಡಿದದ್ದರಿಂದಲ್ಲ, ಗಂಡಸರ ಮಟ್ಟಿಗೆ ಮಾತ್ರ ಹಿಡಿದದ್ದರಿಂದ ಆದ ಅನಾಹುತ ಇದು. ಸರದಿಯ ಪಟ್ಟಿಯಲ್ಲಿ ಹೆಂಗಸರ ಹೆಸರೂ ಇರುವ ಇಂದಿನ ಸಣ್ಣ ಸಭೆಗಳನ್ನು ಈ ಕಾರಣಕ್ಕೇ ಹೆಚ್ಚು ಗಂಭೀರವಾಗಿ ನೋಡಬೇಕು.

ಈ ವ್ಯವಸ್ಥೆ ಎಷ್ಟು ತಾಳಬಲ್ಲದು ಎಂಬುದಕ್ಕೆ ಸಾಕ್ಷ್ಯ ಅಮೆರಿಕದಲ್ಲಿಲ್ಲ, ಇಥಿಯೋಪಿಯಾದಲ್ಲಿದೆ. 1982ರಲ್ಲಿ ಅಲ್ಲಿನ ಸೈನಿಕ ಸರ್ಕಾರ ಮೆಸೆರೆಟೆ ಕ್ರಿಸ್ತೋಸ್ ಎಂಬ ಮೆನ್ನೊನೈಟ್ ಸಂಸ್ಥೆಯ ಕಟ್ಟಡಗಳಿಗೆ ಬೀಗ ಹಾಕಿ ಮುಖಂಡರನ್ನು ವರ್ಷಗಟ್ಟಲೆ ಜೈಲಿನಲ್ಲಿಟ್ಟಿತು. ಆಗ ಇದ್ದವರು ಸುಮಾರು 5 ಸಾವಿರ. ಬೆರಳೆಣಿಕೆಯ ಜನ ಮನೆಗಳಲ್ಲಿ, ಜಾಗ ಬದಲಿಸುತ್ತಾ, ಅಕ್ಕಪಕ್ಕಕ್ಕೆ ಕೇಳದಂತೆ ಸೇರತೊಡಗಿದರು; ಗುಂಪು ಬೆಳೆದರೆ ಎರಡಾಗಿ ಒಡೆಯಿತು, ಹೊಸದಕ್ಕೆ ಹೊಸಬರು ಮುಂದಾಳುಗಳಾದರು, ಅವರಲ್ಲಿ ಹೆಂಗಸರು ಬಹಳ. 1991ರಲ್ಲಿ ಸರ್ಕಾರ ಬಿದ್ದು ಬಾಗಿಲು ತೆರೆದಾಗ ಸಂಖ್ಯೆ ಸುಮಾರು 34 ಸಾವಿರ. ಇಂದು ಅದು ಜಗತ್ತಿನ ಅತಿ ದೊಡ್ಡ ಮೆನ್ನೊನೈಟ್ ಸಂಸ್ಥೆಗಳಲ್ಲೊಂದು.

ನಮ್ಮ ಗಡಿಯಾಚೆಯ ಕಥೆ ಇದಕ್ಕೆ ತಿರುವುಮುರುವು. ರಾಯಚೂರು, ಯಾದಗಿರಿಗೆ ತಾಗಿದ ತೆಲಂಗಾಣದ ಗದ್ವಾಲ, ಮಕ್ತಲ್, ನಾರಾಯಣಪೇಟೆಗಳಲ್ಲಿ ಮೆನ್ನೊನೈಟ್ ಬ್ರೆದರನ್ ಸಭೆಗಳಿವೆ, ನಿಜಾಮರ ಕಾಲದ ಮಿಷನ್ನಿನ ಫಲ. ತಮ್ಮ ಊರಿನಲ್ಲಿ ಸಂಬಳವಿಲ್ಲದ ರೈತ ಬೋಧಕರ ಪ್ರಸಂಗ ಕೇಳಿ ಬೆಳೆದ ಮಿಷನರಿಗಳು ಇಲ್ಲಿ ಬಂದು ಶಾಲೆ, ಆಸ್ಪತ್ರೆಯ ಜೊತೆಗೆ ಸಂಬಳದ ಬೋಧಕರನ್ನೂ ನೇಮಿಸಿಕೊಂಡರು. ತಮ್ಮಲ್ಲಿದ್ದ ಅಪರೂಪದ್ದನ್ನೇ ಗಂಟಿನಲ್ಲಿ ಕಟ್ಟಿ ತರಲು ಮರೆತರೋ, ಇಲ್ಲಿನವರ ಮೇಲೆ ಅಷ್ಟು ನಂಬಿಕೆ ಇರಲಿಲ್ಲವೋ! ತರಬೇತಿಯ, ಸಂಬಳದ ಸೆಳೆತ ಉಳಿದವರನ್ನೂ ಬಿಟ್ಟಿಲ್ಲ. ಇಥಿಯೋಪಿಯಾದವರು ಬಾಗಿಲು ತೆರೆದ ಮೂರೇ ವರ್ಷಕ್ಕೆ ಮುಂದಾಳುಗಳ ತರಬೇತಿಗೆ ಕಾಲೇಜು ಕಟ್ಟಿದರು. ಅಷ್ಟು ಜನಕ್ಕೆ ಅದು ಬೇಕೂ ಇತ್ತು. ಅಮೆರಿಕದ ಸಣ್ಣ ಸಭೆಗಳಲ್ಲಿ ಮಕ್ಕಳು ಓದಿ ದೂರದ ಊರು ಸೇರುತ್ತಿದ್ದಾರೆ, ಸರದಿಯ ಪಟ್ಟಿಯಲ್ಲಿ ಅದೇ ಏಳೆಂಟು ಹೆಸರು ಸುತ್ತುತ್ತಿವೆ. ದಣಿದವರು ಅರೆಕಾಲಿಕ ಪಾಲಕರೊಬ್ಬರನ್ನು ಇಟ್ಟುಕೊಳ್ಳೋಣ ಎಂದರೆ ಬೇಡವೆನ್ನುವುದು ಕಷ್ಟ. ಬಂದವರು ಒಳ್ಳೆಯವರೇ ಇರುತ್ತಾರೆ, ಪ್ರಸಂಗವೂ ಮೊದಲಿಗಿಂತ ಚೆನ್ನಾಗಿಯೇ ಇರುತ್ತದೆ. ಚೆನ್ನಾಗಿರುವುದರಿಂದಲೇ, ಅದು ಮುಗಿದ ಮೇಲೆ ಎದ್ದು ಮಾತಾಡುವವರು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಾರೆ.