ಎಲ್ಲರೂ ಜೂನ್ 1ಕ್ಕೇ ಹುಟ್ಟಿದರೇ?

ಪ್ರಶ್ನೆ: ನಮ್ಮ ಅಜ್ಜ, ಅವರ ತಮ್ಮ, ಓಣಿಯ ನಾಲ್ಕಾರು ಹಿರಿಯರು, ಎಲ್ಲರ ಆಧಾರ್ ಕಾರ್ಡಿನಲ್ಲೂ ಹುಟ್ಟಿದ ದಿನ ಜೂನ್ 1. ಅದು ಹೇಗೆ?
ಓದುಗರು, ಕೆರೂರ

ಉತ್ತರ: ಹುಟ್ಟಿದ್ದು ಬೇರೆ ಬೇರೆ ದಿನ, ಸಾಲಿಗೆ ಹೆಸರು ಹಚ್ಚಿದ್ದು ಮಾತ್ರ ಜೂನ್‌ನಲ್ಲಿ. ಮಾಸ್ತರು ಕೇಳಿದರೆ ಅವ್ವ ಹೇಳುತ್ತಿದ್ದುದು ಇಂಥ ಲೆಕ್ಕ: "ಬನಶಂಕರಿ ತೇರು ಎಳದು ಎಂಟು ದಿನಕ್ಕ ಹುಟ್ಟ್ಯಾನ್ರೀ, ಆ ವರ್ಷ ಜ್ವಾಳ ಚಲೋ ಬಂದಿತ್ತು." ಆ ತೇರು ಎಳೆಯುವ ಬನದ ಹುಣ್ಣಿಮೆಯೋ ವರ್ಷಕ್ಕೊಂದು ತಾರೀಖಿಗೆ ಬರುತ್ತದೆ. ಬಲಗೈ ತಲೆಯ ಮೇಲಿಂದ ಬಂದು ಎಡಗಿವಿ ಮುಟ್ಟಿತೋ, ಹುಡುಗನಿಗೆ ಆರು ತುಂಬಿತೆಂದು ಮಾಸ್ತರು ಹಿಂದಕ್ಕೆ ಎಣಿಸಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಮನೆಯವರಿಗೂ ತಕರಾರಿರಲಿಲ್ಲ. ತೊಟ್ಟಿಲಿಗೆ ಹಾಕಿ ಹೆಸರಿಟ್ಟು, ಜವಳ ತೆಗೆಸಿದರೆ ಮುಗಿಯಿತು, ಕೇಕ್ ಆಮೇಲೆ ಬಂದದ್ದು.

ದಕ್ಷಿಣ ಕೊರಿಯಾದಲ್ಲಂತೂ ಇಡೀ ದೇಶಕ್ಕೇ ಒಂದೇ ದಿನ ವಯಸ್ಸು ಏರುತ್ತಿತ್ತು. ಹುಟ್ಟಿದ ಕೂಸಿಗೆ ಆಗಲೇ ಒಂದು ವರ್ಷ, ಜನವರಿ 1ಕ್ಕೆ ಮತ್ತೊಂದು. ಡಿಸೆಂಬರ್ 31ರ ಕೂಸು ಮರುದಿನವೇ ಎರಡು ವರ್ಷದ್ದು! 2023ರ ಜೂನ್ 28ರಿಂದ ಸರ್ಕಾರಿ ಕಾಗದಪತ್ರಗಳಿಗೆ ನಮ್ಮಂತೆಯೇ ಲೆಕ್ಕ.

ಅಜ್ಜನ ನಿಜವಾದ ದಿನ ಬೇಕೆಂದರೆ ಅವರ ಅಕ್ಕನನ್ನು ಕೇಳಿ. ಆ ವರ್ಷದ ಮಳೆಯ ಹೆಸರೂ ಹೇಳಿಯಾರು.