ಕುಬ್ಜವೃಕ್ಷಗಳ ಒಣಮರದ ಕೆತ್ತನೆಗೆ ಅಲ್ಪಬೆಲೆಯ ವಿದ್ಯುದ್ಯಂತ್ರದ ಉಪಯೋಗ

ಕುಂಡಗಳಲ್ಲಿ ಮರಗಳನ್ನು ಕಿರಿದಾಗಿ ಬೆಳೆಸುವ ವಿದ್ಯೆಯು ಚೀನಾದೇಶದಲ್ಲಿ ಹುಟ್ಟಿ, ಜಪಾನಿನಲ್ಲಿ ಪರಿಷ್ಕಾರವನ್ನು ಹೊಂದಿ, ಬೋನ್ಸಾಯ್ ಎಂಬ ಹೆಸರಿನಿಂದ ಈಗ ಲೋಕದಲ್ಲೆಲ್ಲಾ ಪ್ರಚಾರದಲ್ಲಿದೆ. ಮೈಸೂರಿನ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನು ನೋಡಿದವರಿಗೆ ಇದರ ಪರಿಚಯವು ಇದ್ದೇ ಇರುವುದು. ಹೊಲದ ಬದುವಿನಲ್ಲಿ ದನಕರುಗಳು ಮೇಯ್ದು ಮೇಯ್ದು ಮೋಟಾಗಿ ನಿಂತ ಹುಣಿಸೆ, ಹಳೆಯ ಗೋಡೆಯ ಸಂದಿನಲ್ಲಿ ಹುಟ್ಟಿ ದಪ್ಪವಾದ ಆಲ, ಇವೇ ಮೊದಲಾದುವುಗಳನ್ನು ಸೌದೆಗೆ ಕಡಿಯದೆ ಕುಂಡಕ್ಕೆ ಇಳಿಸುವ ಅಭಿರುಚಿಯು ಕೆಲವು ಭೂಮಾಲಿಕರಲ್ಲಿ ಉಂಟು.

ಇಂತಹ ಹಳೆಯ ಬೊಡ್ಡೆಗಳಲ್ಲಿ ಸತ್ತ ಕೊಂಬೆಗಳೂ ಒಣಗಿದ ಭಾಗಗಳೂ ಇರುವುದು ಸಹಜವು. ಇವುಗಳನ್ನು ಕೆತ್ತಿ, ಗಾಳಿ ಮಳೆ ಸಿಡಿಲುಗಳಿಗೆ ಸಿಕ್ಕಿದ ಪುರಾತನ ಮರದಂತೆ ಕಾಣಿಸುವುದಕ್ಕಾಗಿ ಅಂಗಡಿಗಳಲ್ಲಿ ಅಲ್ಪಬೆಲೆಗೆ ದೊರೆಯುವ ಸಣ್ಣ ತಿರುಗುಯಂತ್ರಗಳನ್ನು ಅನೇಕರು ಕೊಳ್ಳುತ್ತಿರುವರು. ಯಂತ್ರವು ಅಗ್ಗವೆಂಬುದು ದೋಷವಲ್ಲ. ಆದರೆ ನಲವತ್ತು ವರ್ಷ ಬಾಳಿದ ಬೊಡ್ಡೆಯನ್ನು ನಾಲ್ಕು ನಿಮಿಷದಲ್ಲಿ ಕೊಲ್ಲುವ ಶಕ್ತಿಯು ಅದಕ್ಕೆ ಇರುವುದು. ಆದಕಾರಣ ಅದರ ಉಪಯೋಗಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಜಪಾನಿನ ಪದ್ಧತಿ:— ಜಪಾನೀಯರು ತೊಗಟೆ ಕಳಚಿದ ಸತ್ತ ಕೊಂಬೆಯನ್ನು ‘ಜಿನ್’ ಎಂದೂ, ಕಾಂಡದ ಮೇಲೆ ತೊಗಟೆಯಿಲ್ಲದೆ ಬೆಳ್ಳಗಾದ ಭಾಗವನ್ನು ‘ಶಾರಿ’ ಎಂದೂ ಕರೆಯುವರು. ಬೆಟ್ಟದ ಕೋಡುಗಲ್ಲುಗಳಲ್ಲಿ ಬೆಳೆಯುವ ಶಿಂಪಾಕು ಎಂಬ ಜೂನಿಪರ್ ಜಾತಿಯ ಮರದಲ್ಲಿ ಇವು ಪ್ರಕೃತಿಯಿಂದಲೇ ಉಂಟಾಗುವುವು. ಮನುಷ್ಯನ ಕೆತ್ತನೆಯು ಇವುಗಳ ಅನುಕರಣವೇ ಸರಿ. 1923ರ ಭೂಕಂಪದ ತರುವಾಯ ಟೋಕಿಯೋ ನಗರವನ್ನು ಬಿಟ್ಟ ಬೆಳೆಗಾರರು 1925ರಲ್ಲಿ ಓಮಿಯ ಎಂಬಲ್ಲಿ ಬೋನ್ಸಾಯ್ ಗ್ರಾಮವೊಂದನ್ನು ಸ್ಥಾಪಿಸಿದರು. ಆ ಪ್ರಾಂತದವರೇ ಆದ ಮಸಾಹಿಕೊ ಕಿಮುರ ಎಂಬ ಕುಶಲಿಯು ಉಳಿಯಿಂದ ಮಾಡುತ್ತಿದ್ದ ಈ ಕೆತ್ತನೆಗೆ ವಿದ್ಯುದ್ಯಂತ್ರಗಳನ್ನು ಬಳಸಿ ಪ್ರಸಿದ್ಧಿಯನ್ನು ಪಡೆದನು.

ಯಂತ್ರದ ಸ್ವರೂಪ:— ಇದು ಒಂದು ಹಿಡಿಯಷ್ಟು ದಪ್ಪವುಳ್ಳ ವಿದ್ಯುತ್ ಮೋಟಾರು. ಇದರ ಮುಂದುಗಡೆ ಕಾಲೆಟ್ ಎಂಬ ಸೀಳಿದ ಹಿಡಿಗೊಳವೆಯೊಂದಿದ್ದು, ಅದರಲ್ಲಿ ಸಾಧಾರಣವಾಗಿ 3 ಮಿಲಿಮೀಟರಿನಷ್ಟು ದಪ್ಪ ಕಾಲಿನ ಬಿಟ್ಟುಗಳನ್ನು ಸಿಕ್ಕಿಸುವರು. ನಿಮಿಷಕ್ಕೆ ಸುಮಾರು 5,000ದಿಂದ 30,000 ಸುತ್ತುಗಳವರೆಗೆ ವೇಗವನ್ನು ಬದಲಾಯಿಸಬಹುದು. ವೇಗವು ಅಧಿಕ, ಬಲವು ಅಲ್ಪ. ಈ ಯಂತ್ರದ ಗುಣವೂ ಮಿತಿಯೂ ಇದೇ ಆಗಿದೆ. ಒತ್ತಿ ಹಿಡಿದರೆ ಮೋಟಾರು ಕಾದು ಸುಟ್ಟುಹೋಗುವುದು, ಮರವೂ ಕಪ್ಪಾಗುವುದು. ಮೆಲ್ಲಗೆ ತಾಕಿಸಿ, ವೇಗಕ್ಕೆ ಕೆಲಸವನ್ನು ಬಿಡತಕ್ಕದ್ದು. ಯಂತ್ರದ ಮೈ ಕೈಗೆ ಬಿಸಿಯಾಗಿ ತೋರಿದ ಕೂಡಲೆ ಬಿಟ್ಟನ್ನು ಮರದಿಂದ ತೆಗೆದು, ಸ್ವಲ್ಪ ಹೊತ್ತು ಬರಿದೇ ತಿರುಗಿಸಿ, ಬಳಿಕ ನಿಲ್ಲಿಸಿ ಆರಲು ಬಿಡಬೇಕು. ಗಾಳಿಯ ಕಿಂಡಿಗಳಲ್ಲಿ ಸೇರಿದ ಹೊಟ್ಟನ್ನು ಆಗಾಗ್ಗೆ ತೆಗೆಯತಕ್ಕದ್ದು.

ತೋಳಿನ ಗಾತ್ರದ ಮರವನ್ನು ಬರಿದುಮಾಡುವ ಕೆಲಸಕ್ಕೆ ಈ ಯಂತ್ರವು ತಕ್ಕುದಲ್ಲ. ಅಂತಹ ಒರಟು ಕೆಲಸವನ್ನು ಬಡಗಿಯ ಉಳಿ ಕೊಡತಿಗಳಿಂದ ಮಾಡಿ, ಕೊರಕಲು, ಗೆರೆ, ಸಣ್ಣ ಪೊಟರೆಗಳಿಗೆ ಮಾತ್ರ ಯಂತ್ರವನ್ನು ಬಳಸುವುದು ಲಾಭಕರವು. ಯಂತ್ರಕ್ಕೆ ಉಳಿಸಿದ ಹಣದಲ್ಲಿ ಒಂದು ಭಾಗವನ್ನು ಒಳ್ಳೆಯ ಕಾರ್ಬೈಡ್ ಬಿಟ್ಟುಗಳಿಗೆ ವೆಚ್ಚಮಾಡುವುದು ಜಾಣತನವು. ಗುಂಡುಮೊನೆಯದೊಂದು, ಜ್ವಾಲೆಯಾಕಾರದ್ದೊಂದು, ತಂತಿಯ ಬ್ರಷ್ಷೊಂದು, ಇಷ್ಟು ಇದ್ದರೆ ಆರಂಭಕ್ಕೆ ಸಾಕು. ಪ್ರತಿಯೊಂದು ಬಿಟ್ಟಿಗೂ ಗೊತ್ತಾದ ಪರಮಾವಧಿ ವೇಗವಿರುವುದು. ತಂತಿಯ ಬ್ರಷ್ಷನ್ನು ಸಾಮಾನ್ಯವಾಗಿ 15,000 ಸುತ್ತುಗಳಿಗೆ ಮೀರಿ ಓಡಿಸಕೂಡದು. ಮೀರಿದರೆ ತಂತಿಗಳು ಸೂಜಿಗಳಂತೆ ಸಿಡಿಯುವುವು.

ಜೀವಂತ ಭಾಗವನ್ನು ಗುರುತಿಸುವುದು:— ಸಮಸ್ತ ಕಾರ್ಯದಲ್ಲಿ ಇದೇ ಮುಖ್ಯವು. ತೊಗಟೆಗೂ ಮರಕ್ಕೂ ನಡುವೆ ಇರುವ ತೆಳುವಾದ ಜೀವಪದರದಿಂದಲೇ ಕಾಂಡವು ಬೆಳೆಯುವುದು. ಎಲೆಗಳಲ್ಲಿ ಸಿದ್ಧವಾದ ಆಹಾರವು ಒಳತೊಗಟೆಯ ಮೂಲಕ ಬೇರಿಗೆ ಇಳಿಯುವುದು. ಬೇರಿನ ನೀರು ಹೊರಮೈಯ ಹೊಸಮರದ ಮೂಲಕ ಮೇಲಕ್ಕೆ ಏರುವುದು. ಹಳೆಯ ಬೊಡ್ಡೆಗಳಲ್ಲಿ ಈ ಮಾರ್ಗವು ಕೆಲವು ವೇಳೆ ಎರಡು ಬೆರಳಿನಗಲದ ಪಟ್ಟಿಯಾಗಿ ಮಾತ್ರ ಉಳಿದಿರುವುದು. ಅದನ್ನು ಅಡ್ಡಲಾಗಿ ಕತ್ತರಿಸಿದರೆ ಮೇಲಿನ ಕೊಂಬೆಗಳೆಲ್ಲ ಒಣಗುವುವು. ಮರವು ಒಡನೆಯೇ ಬಾಡುವುದಿಲ್ಲವಾದುದರಿಂದ ತಪ್ಪು ತಿಳಿದುಬರುವುದು ಎಷ್ಟೋ ದಿನಗಳ ಮೇಲೆ. ಆಗ ಪರಿಹಾರವೇ ಇಲ್ಲ.

ಆದಕಾರಣ ಯಂತ್ರವನ್ನು ಹಿಡಿಯುವುದಕ್ಕೆ ಮುಂಚೆ ಸಂದೇಹವಿರುವ ಕಡೆಗಳಲ್ಲಿ ಉಗುರಿನಿಂದ ತೊಗಟೆಯನ್ನು ತುಸು ಕೆರೆದು ನೋಡಬೇಕು. ಒಳಗೆ ಹಸುರೂ ತೇವವೂ ಕಂಡರೆ ಜೀವವಿದೆಯೆಂದೂ, ಕಂದಾಗಿ ಒಣಗಿದ್ದರೆ ಸತ್ತಿದೆಯೆಂದೂ ತಿಳಿಯಬಹುದು. ಹಸುರು ಕೊಂಬೆಯಿಂದ ಬೇರಿನವರೆಗೆ ಜೀವಂತ ಪಟ್ಟಿಯ ಎರಡು ಅಂಚುಗಳನ್ನೂ ಸೀಮೆಸುಣ್ಣದಿಂದ ಗುರುತು ಮಾಡಿ, ಆ ಗೆರೆಯಿಂದ ಕಾಲಂಗುಲದಷ್ಟನ್ನಾದರೂ ಮುಟ್ಟದೆ ಬಿಡತಕ್ಕದ್ದು.

ಕೆತ್ತುವ ಕ್ರಮ:— ಹಸಿಯ ಮರವನ್ನು ಕೆತ್ತಿದರೆ ನಾರು ಎದ್ದು ಬಿಟ್ಟಿನ ಹಲ್ಲುಗಳು ಕಟ್ಟಿಕೊಳ್ಳುವುವು. ಕೊಂಬೆಯನ್ನು ಕಡಿದ ಮೇಲೆ ಕೆಲವು ತಿಂಗಳು ಒಣಗಲು ಬಿಟ್ಟು, ಬಳಿಕ ನಯವಾದ ಕೆಲಸವನ್ನು ಮಾಡುವುದು ಉತ್ತಮವು. ಕುಂಡವನ್ನು ಬದಲಾಯಿಸಿದ ಹೊಸತರಲ್ಲಿ ಕೆತ್ತಕೂಡದು; ಯಂತ್ರದ ಅದುರಿಗೆ ಎಳೆಯ ಬೇರುಗಳು ಹರಿಯುವುವು. ಯಂತ್ರವನ್ನು ಎರಡು ಕೈಗಳಿಂದಲೂ ಹಿಡಿದು, ಬಿಟ್ಟು ತಿರುಗುವ ದಿಕ್ಕಿಗೆ ಎದುರಾಗಿ ನಡೆಸಬೇಕು. ಅದೇ ದಿಕ್ಕಿಗೆ ನಡೆಸಿದರೆ ಅದು ಕೈಮೀರಿ ಓಡಿ ಜೀವಂತ ಪಟ್ಟಿಗೆ ಹಾಯುವ ಭಯವಿದೆ. ಗೆರೆಗಳು ಮರದ ನಾರಿನ ಜಾಡನ್ನೇ ಅನುಸರಿಸಲಿ. ಎಲ್ಲಾ ಗೆರೆಗಳೂ ಒಂದೇ ಆಳ, ಒಂದೇ ಅಗಲವಾದರೆ ಯಂತ್ರದ ಕೆಲಸವೆಂಬುದು ದೂರಕ್ಕೇ ತಿಳಿದುಬಿಡುವುದು. ಪೊಟರೆಯ ತಳದಲ್ಲಿ ನೀರು ನಿಲ್ಲದಂತೆ ಇಳಿಜಾರಾದ ದಾರಿಯನ್ನು ಬಿಡಬೇಕು.

ಒಣಮರದ ಸಂರಕ್ಷಣೆ:— ಜೂನಿಪರ್ ಮರವು ರಾಳವುಳ್ಳದ್ದಾದುದರಿಂದ ಅದರ ಒಣಮರವು ಬಹುಕಾಲ ಬಾಳುವುದು. ನಮ್ಮ ಆಲ, ಅತ್ತಿ, ಅರಳಿಗಳ ಮರವಾದರೋ ಮೃದುವಾಗಿದ್ದು ಮಳೆಗಾಲದಲ್ಲಿ ಬೇಗನೆ ಕೊಳೆಯುವುದು. ಇವುಗಳಲ್ಲಿ ಕೆತ್ತನೆಯನ್ನು ಮಿತವಾಗಿ ಮಾಡಿ, ಗಾಯವನ್ನು ತೊಗಟೆಯೇ ಮುಚ್ಚಿಕೊಳ್ಳಲು ಬಿಡುವುದು ಲೇಸು. ಹುಣಿಸೆಯ ಚೇಗು ಗಟ್ಟಿ. ಆದರೆ ಅದರ ಹೊರಗಿನ ಬಿಳಿಯ ಮರಕ್ಕೆ ಕುಟ್ಟೆಹುಳು ಬೀಳುವುದು.

ಕೆತ್ತನೆಯು ಮುಗಿದು ಮರವು ಚೆನ್ನಾಗಿ ಒಣಗಿದ ಮೇಲೆ ಸುಣ್ಣ-ಗಂಧಕದ ದ್ರಾವಣವನ್ನು ಕುಂಚದಿಂದ ಬಳಿಯತಕ್ಕದ್ದು. ಹಳದಿಯಾಗಿರುವ ಈ ದ್ರಾವಣವು ಬಿಸಿಲಿನಲ್ಲಿ ಒಣಗಿ ಬಿಳಿಯ ಬಣ್ಣಕ್ಕೆ ತಿರುಗುವುದು. ಬೂಷ್ಟನ್ನೂ ಕೊಳೆಯನ್ನೂ ತಡೆಯುವುದು. ಇದರ ವಾಸನೆಯು ಕೊಳೆತ ಮೊಟ್ಟೆಯಂತಿರುವುದರಿಂದ ಬಯಲಿನಲ್ಲಿಯೇ ಬಳಿಯಬೇಕು. ಹುಳಿ ಪದಾರ್ಥಗಳೊಂದಿಗೆ ಎಂದಿಗೂ ಬೆರಸಕೂಡದು. ಬೆರಸಿದರೆ ವಿಷವಾಯುವು ಹೊರಡುವುದು. ಕುಂಡದ ಮಣ್ಣಿಗೆ ಬೀಳದಂತೆ ಬಟ್ಟೆಯನ್ನು ಹೊದಿಸಬೇಕು.

ಕೆಲಸಗಾರರ ರಕ್ಷಣೆ:— ಈ ಕೆಲಸವನ್ನು ಯಜಮಾನರು ಮನೆಯ ಹುಡುಗರಿಗೋ ಆಳುಗಳಿಗೋ ವಹಿಸುವುದುಂಟು. ಮರ ಹೋದರೆ ಮತ್ತೊಂದನ್ನು ಬೆಳೆಸಬಹುದು, ಕಣ್ಣು ಹೋದರೆ ಬರಲಾರದು. ಪಕ್ಕಗಳೂ ಮುಚ್ಚಿರುವ ಕನ್ನಡಕವನ್ನೂ, ಹೊಟ್ಟು ಶ್ವಾಸಕೋಶವನ್ನು ಸೇರದಂತೆ ತಡೆಯುವ ಮುಖಪಟ್ಟಿಯನ್ನೂ ಕೊಡದೆ ಯಾರ ಕೈಗೂ ಯಂತ್ರವನ್ನು ಕೊಡಬಾರದು. ಆಲ ಅತ್ತಿಗಳ ಹಾಲು ಚರ್ಮಕ್ಕೂ ಕಣ್ಣಿಗೂ ಉರಿಯನ್ನುಂಟುಮಾಡುವುದು. ಶಲ್ಯ, ಪಂಚೆಯ ಚುಂಗು, ಸಡಿಲವಾದ ತೋಳು, ಬಿಚ್ಚಿದ ಕೂದಲು ಇವು ತಿರುಗುವ ಬಿಟ್ಟಿಗೆ ಸುತ್ತಿಕೊಳ್ಳುವುವು. ಬಿಟ್ಟನ್ನು ಬದಲಾಯಿಸುವಾಗ ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತಿಡಬೇಕು. ಆಗತಾನೆ ನೀರೆರೆದ ಕುಂಡದ ಬಳಿಯಲ್ಲಿ, ಒದ್ದೆಯ ನೆಲದ ಮೇಲೆ, ಈ ಕೆಲಸವನ್ನು ಮಾಡಕೂಡದು.

ಸಂಕ್ಷೇಪವಾಗಿ ಹೇಳುವುದಾದರೆ, ಬೆಲೆಬಾಳುವ ಮರಕ್ಕೆ ಕೈಯಿಡುವುದಕ್ಕೆ ಮುಂಚೆ ಸೌದೆಯ ರಾಶಿಯಿಂದ ತಂದ ಒಣ ಕೊರಡಿನ ಮೇಲೆ ಕೆಲವು ದಿನ ಅಭ್ಯಾಸ ಮಾಡುವುದು ಉಚಿತವು. ಕೊರಡಿನ ಮೇಲೆ ಮಾಡಿದ ತಪ್ಪಿಗೆ ನಷ್ಟವಿಲ್ಲ. ಎಷ್ಟು ಕೆತ್ತಬೇಕೆಂಬ ಸಂದೇಹವು ಬಂದಲ್ಲಿ ಯಂತ್ರವನ್ನು ನಿಲ್ಲಿಸಿ ಆ ದಿನಕ್ಕೆ ಬಿಡತಕ್ಕದ್ದು. ಉಳಿಸಿದ ಮರವನ್ನು ನಾಳೆ ಕೆತ್ತಬಹುದು, ಕೆತ್ತಿದ ಮರವನ್ನು ಮರಳಿ ಕೂಡಿಸಲಾಗುವುದಿಲ್ಲ.