ರೆಪ್ಪೆ ಮಿಟುಕುವುದರೊಳಗೆ ಹರಾಜು

ಮೊಬೈಲಿನಲ್ಲಿ ಯಾವುದಾದರೂ ಸುದ್ದಿತಾಣ ತೆರೆದು ನೋಡಿ. ಬರಹ ಮೊದಲು ಬರುತ್ತದೆ, ನಡುವಿನ ಖಾಲಿ ಚೌಕ ಅರೆಗಳಿಗೆ ತಡೆದು ತುಂಬಿಕೊಳ್ಳುತ್ತದೆ. ಅಷ್ಟರಲ್ಲಿ ಆ ಚೌಕದಲ್ಲಿ ಯಾರ ಜಾಹೀರಾತು ಎಂದು ಒಂದು ಹರಾಜು ನಡೆದಿರುತ್ತದೆ. ನೀವಿರುವ ಊರು, ಫೋನಿನ ಮಾದರಿ, ಈಚೆಗೆ ನೋಡಿದ ಸರಕು ಇಂಥ ವಿವರಗಳು ಹಲವು ಕಂಪನಿಗಳ ಕಂಪ್ಯೂಟರುಗಳಿಗೆ ತಲುಪುತ್ತವೆ. ಆ ಕಂಪ್ಯೂಟರುಗಳು ಸುಮಾರು 100 ಮಿಲಿಸೆಕೆಂಡಿನೊಳಗೆ ಬೆಲೆ ಕೂಗುತ್ತವೆ. ಪಕ್ಕದಲ್ಲಿ ಕೂತವರು ಅದೇ ಸುದ್ದಿ ತೆರೆದರೆ ಅವರಿಗೆ ಬೇರೆಯದೇ ಜಾಹೀರಾತು ಕಾಣಬಹುದು.

ಇದಕ್ಕೂ ಮೊದಲು ಪತ್ರಿಕೆ ಮಾರುತ್ತಿದ್ದುದು ಜಾಗವನ್ನು, ಚದರ ಸೆಂಟಿಮೀಟರಿಗೆ ಇಷ್ಟು ಎಂದು. ಟ್ರ್ಯಾಕ್ಟರಿನ ಜಾಹೀರಾತನ್ನು ರೈತ ನೋಡಿದನೋ ಕಾಲೇಜು ಹುಡುಗ ನೋಡಿದನೋ ತಿಳಿಯುವಂತಿರಲಿಲ್ಲ. 1994ರ ಅಕ್ಟೋಬರಿನಲ್ಲಿ ಅಮೆರಿಕದ ಹಾಟ್‌ವೈರ್ಡ್ ತಾಣದಲ್ಲಿ ಎಟಿ ಅಂಡ್ ಟಿ ಕಂಪನಿಯ ಬ್ಯಾನರ್ ಜಾಹೀರಾತು ಕಾಣಿಸಿಕೊಂಡಿತು. ಅದೇ ವರ್ಷ ಬ್ರೌಸರ್ ಕಂಪನಿ ನೆಟ್‌ಸ್ಕೇಪಿನ ಲೂ ಮೊಂಟುಲಿ, ತಾಣವೊಂದು ಓದುಗನ ಬ್ರೌಸರಿನಲ್ಲಿ ಇಟ್ಟುಹೋಗುವ ಗುರುತಿನ ಚೀಟಿಯಂಥ ಕುಕಿಯನ್ನು ರೂಪಿಸಿದರು. ಹೆಸರು ಮಾಡಿದ್ದು ಬ್ಯಾನರ್. ಆದರೆ ಪತ್ರಿಕೋದ್ಯಮದ ಬುಡ ಅಲುಗಿಸಿದ್ದು ಕುಕಿ ಎಂದೇ ನನ್ನ ಎಣಿಕೆ. ಓದುಗ ಒಂದು ತಾಣದಿಂದ ಇನ್ನೊಂದಕ್ಕೆ ಹೋದಾಗಲೂ ಅವನನ್ನು ಗುರುತಿಸಲು ಅದರಿಂದ ಸಾಧ್ಯವಾಯಿತು. ಅಲ್ಲಿಂದಾಚೆ ಮಾರಾಟಕ್ಕಿದ್ದುದು ಪುಟವಲ್ಲ, ಓದುಗ.

ಇನ್ನು ಹರಾಜಿನ ಮಾತು. ಹುಡುಕಾಟದ ಪುಟದಲ್ಲಿ ಗೂಗಲ್ 2002ರಲ್ಲಿ ತಂದ ಹರಾಜಿನ ಲೆಕ್ಕ ನಿಜಕ್ಕೂ ಚೆಂದ. ಒಬ್ಬ ಅಂಗಡಿಯವ ಕ್ಲಿಕ್ಕಿಗೆ 10 ರೂಪಾಯಿ ಕೂಗಿದ ಅನ್ನಿ. ಅವನ ಜಾಹೀರಾತನ್ನು ನೂರರಲ್ಲಿ 2 ಜನ ಒತ್ತುತ್ತಾರೆ. ಇನ್ನೊಬ್ಬ ಕೂಗಿದ್ದು 6 ರೂಪಾಯಿ. ಒತ್ತುವವರು 5 ಜನ. ನೂರು ಸಲ ತೋರಿಸಿದರೆ ಮೊದಲನೆಯವನ ಬೆಲೆ 20, ಎರಡನೆಯವನದು 30. ಹಾಗಾಗಿ ಕಡಿಮೆ ಕೂಗಿದವನೇ ಗೆಲ್ಲುತ್ತಾನೆ. ಅವನು 6 ರೂಪಾಯಿಯನ್ನೂ ಕೊಡಬೇಕಿಲ್ಲ. ಸೋತವನ 20ನ್ನು ಸರಿಗಟ್ಟಲು ಕ್ಲಿಕ್ಕಿಗೆ 4 ರೂಪಾಯಿಗಿಂತ ಒಂದಿಷ್ಟು ಹೆಚ್ಚಿದ್ದರೆ ಸಾಕು. ಗೆದ್ದವನು ಎರಡನೆಯ ಬೆಲೆ ತೆರುವ ಇಂಥ ಹರಾಜನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ವಿಶ್ಲೇಷಿಸಿದ್ದರು. ಚಿಕ್ಕ ಅಂಗಡಿಗೂ ದೊಡ್ಡ ಕಂಪನಿಯ ಪಕ್ಕ ನಿಲ್ಲುವ ಅವಕಾಶ ಸಿಕ್ಕಿದ್ದು ಹೀಗೆ. ಅದು ಒಳ್ಳೆಯದೇ.

ಆದರೆ ಪೆಟ್ಟು ಬಿದ್ದದ್ದು ಸುದ್ದಿಮನೆಗೆ. ಬಾಡಿಗೆ ಮನೆ, ಕೆಲಸ, ಹಳೆಯ ವಾಹನಗಳ ಚಿಕ್ಕ ಜಾಹೀರಾತುಗಳು ಮೊದಲು ಕೈತಪ್ಪಿದವು. ಅಮೆರಿಕದ ಪತ್ರಿಕೆಗಳ ಜಾಹೀರಾತು ಆದಾಯ 2005ರಲ್ಲಿ ಸುಮಾರು 4,900 ಕೋಟಿ ಡಾಲರ್ ಇತ್ತು. 2022ರ ಹೊತ್ತಿಗೆ 1,000 ಕೋಟಿಗೂ ಕೆಳಗಿಳಿಯಿತು. 2016ರಲ್ಲಿ ಅಲ್ಲಿ ಜಾಹೀರಾತು ಆದಾಯದಲ್ಲಿ ಅಂತರ್ಜಾಲ ಟಿವಿಯನ್ನೂ ಹಿಂದಿಕ್ಕಿತು. ಪುರಸಭೆಯ ಸಭೆಗೆ ಹೋಗಿ ಕೂರುವ, ನ್ಯಾಯಾಲಯದ ಕಡತ ತಿರುವಿಹಾಕುವ ವರದಿಗಾರರ ಸಂಬಳ ಬರುತ್ತಿದ್ದುದು ಪತ್ರಿಕೆಗಳ ಈ ಜಾಹೀರಾತು ಹಣದಿಂದ.

ಸುದ್ದಿತಾಣಗಳಿಗೆ ಓದುಗರಿಲ್ಲವೆಂದಲ್ಲ. ಆದರೆ ಜಾಹೀರಾತುದಾರ ಕೊಟ್ಟ ಹಣದಲ್ಲಿ ಹರಾಜು ನಡೆಸುವ ನಡುವಿನವರ ಪಾಲು ಕಳೆದು ಉಳಿದದ್ದಷ್ಟೇ ಅವುಗಳಿಗೆ ದಕ್ಕುತ್ತದೆ. ತಾಣಗಳು ಜಾಗ ಮಾರಲು ಬಳಸುವ ಪ್ರಮುಖ ಸಾಧನವೂ ಗೂಗಲ್ಲಿನದು, ಹರಾಜಿನ ದೊಡ್ಡ ಕಟ್ಟೆಯೂ ಅದರದೇ. 2025ರ ಏಪ್ರಿಲಿನಲ್ಲಿ ವರ್ಜೀನಿಯಾದ ಫೆಡರಲ್ ನ್ಯಾಯಾಧೀಶೆ ಲಿಯೊನಿ ಬ್ರಿಂಕೆಮಾ, ಈ ಎರಡರಲ್ಲೂ ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಸಾಧಿಸಿದೆ, ಇದರಿಂದ ಪ್ರಕಾಶಕರಿಗೆ ಗಣನೀಯ ಹಾನಿಯಾಗಿದೆ ಎಂದು ತೀರ್ಪಿತ್ತರು.